ಕೃಷ್ಣಾನಂದರ ಅರವತ್ತರ ದಶಕದ ಕಂಪ್ರೆಸರ್

ಕೃಷ್ಣಾನಂದರು ಸುಳ್ಳು ಹೇಳಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವರು ಒಂದು ಪದವನ್ನು ಬಿಟ್ಟರು, ಅಷ್ಟೆ. ಮನುಷ್ಯ ಮಾತಾಡುವಾಗ ಎಷ್ಟೋ ಪದಗಳನ್ನು ಬಿಡುತ್ತಾನೆ; ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಆದರೆ ಕೃಷ್ಣಾನಂದರು ಬಿಟ್ಟ ಪದ 'ಪ್ಲಗಿನ್'. ಬಿಟ್ಟ ಊರು ಎರ್ನಾಕುಲಂ. ಬಿಟ್ಟದ್ದು ಹೆಂಡತಿಯ ಅಣ್ಣನ ಎದುರಿಗೆ.

ಕೃಷ್ಣಾನಂದರು ಮೈಸೂರಿನವರು. ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರ ಅಧಿಕಾರಿ. ಶ್ರೀಕಾರ್ಯಂನ ಒಂದು ಫ್ಲ್ಯಾಟಿನಲ್ಲಿ ಹೆಂಡತಿ ಚಂದ್ರಾವತಿ ಮತ್ತು ಕಾಲೇಜಿಗೆ ಹೋಗುವ ಮಗಳು ಅಪೂರ್ವಾಳೊಂದಿಗೆ ವಾಸ. ಐವತ್ತು ದಾಟಿದ ಗಂಡಸರಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ಅಧ್ಯಾತ್ಮ ಬರುತ್ತದೆ. ಕೃಷ್ಣಾನಂದರಿಗೆ ಮಿಕ್ಸಿಂಗ್ ಬಂತು. ಬೇರೆ ಬೇರೆ ಮೈಕಿನಲ್ಲಿ ಹಿಡಿದ ಹಾಡು, ಹಾರ್ಮೋನಿಯಂ, ತಬಲಾಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಹೊಂದಿಸಿ ಕಿವಿಗೆ ಹಿತವಾಗುವಂತೆ ಮಾಡುವ ಈ ಕಲೆಯನ್ನು ಅವರು ವೀಡಿಯೋ ನೋಡಿಯೇ ಕಲಿತರು. ಮಗಳ ಹಳೆಯ ಕಂಪ್ಯೂಟರಿನ ಎದುರು, ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕುಳಿತ ಗಂಡನನ್ನು ಕಂಡು ಚಂದ್ರಾವತಿಯವರು ಮೊದಮೊದಲು ಧ್ಯಾನವೆಂದು ತಿಳಿದು ಸದ್ದಿಲ್ಲದೆ ನಡೆಯುತ್ತಿದ್ದರು. ಗೊತ್ತಾದ ಮೇಲೆ ಮಿಕ್ಸಿಯನ್ನು ಆ ಕೋಣೆಯ ಪಕ್ಕದಲ್ಲೇ ತಿರುಗಿಸತೊಡಗಿದರು.

ಹೆಂಡತಿಯ ಅಣ್ಣ ಯಜ್ಞನಾರಾಯಣರು ಕಾಸರಗೋಡಿನವರು, ಎರ್ನಾಕುಲಂನಲ್ಲಿ ವಕೀಲರು, ಅಲ್ಲಿನ ಕನ್ನಡ ಸಂಘದ ಅಧ್ಯಕ್ಷರು, ಕವಿಗಳು. ಮೊದಲ ಮೂರನ್ನು ಜನ ಒಪ್ಪಿದ್ದರು. ಅವರೂ ಕೃಷ್ಣಾನಂದರೂ ಒಬ್ಬರನ್ನೊಬ್ಬರು 'ಭಾವ' ಎಂದೇ ಕರೆಯುತ್ತಿದ್ದರು. ಆದರೆ ಕೃಷ್ಣಾನಂದರು 'ಭಾವ' ಎಂದಾಗ ಅದರಲ್ಲಿ ಗೌರವವಿರುತ್ತಿತ್ತು. ಯಜ್ಞನಾರಾಯಣರು 'ಭಾವ' ಎಂದಾಗ, ಎದುರು ಪಕ್ಷದ ಸಾಕ್ಷಿಯನ್ನು ಹೆಸರು ಹಿಡಿದು ಕೂಗಿದ ಹಾಗಿರುತ್ತಿತ್ತು. ಮದುವೆಯಾದಂದಿನಿಂದ ಅವರು ಕೃಷ್ಣಾನಂದರ ಯಾವ ಅಭಿಪ್ರಾಯವನ್ನೂ ಕೇಳಿದವರಲ್ಲ.

ಸಂಘದ ವಾರ್ಷಿಕೋತ್ಸವಕ್ಕೆ ಯಜ್ಞನಾರಾಯಣರು ಒಂದು ಸಂಘಗೀತೆ ಬರೆದರು. ಹಾಡಲು ಶಾಂತಾ ಒಪ್ಪಿದರು. ಈಕೆ ಗದಗದ ಕಡೆಯ ಬ್ಯಾಂಕ್ ಮ್ಯಾನೇಜರ್ ರುದ್ರಪ್ಪನವರ ಹೆಂಡತಿ. ಶಾಂತಾ ಅವರ ಶಾರೀರದಲ್ಲಿ ಎರಡೇ ಅಂತಸ್ತು. ಮೇಲಿನ ಸ್ವರಕ್ಕೆ ಹೋದರೆ ಬೀದಿಯಲ್ಲಿ ಆಟೋದವರು ಹಿಂತಿರುಗಿ ನೋಡುತ್ತಿದ್ದರು. ಕೆಳಗಿನ ಸ್ವರಕ್ಕೆ ಇಳಿದರೆ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಒಂದು ಭಾನುವಾರ ಯಜ್ಞನಾರಾಯಣರ ಮನೆಯ ಹಾಲಿನಲ್ಲಿ ಕೃಷ್ಣಾನಂದರು ಮೈಕು ಇಟ್ಟು ಹಾರ್ಮೋನಿಯಂ ಸಮೇತ ಹಾಡನ್ನು ಹಿಡಿದುಕೊಂಡರು. ಆಮೇಲೆ ಚಹಾ, ಪಳಂಪೊರಿ ಬಂತು. ರುದ್ರಪ್ಪನವರು ಬಾಳೆಹಣ್ಣಿನ ಆ ಬಿಸಿ ಪಳಂಪೊರಿಯನ್ನು ಊದುತ್ತಾ ಕೇಳಿದರು.

"ಎಲ್ಲಾ ಛಲೋ ಆತ್ರಿ. ಆದ್ರ ನಮ್ಮಾಕಿ ದನಿ ಒಮ್ಮೆ ಮುಗಿಲಿಗೆ ಹೋಗ್ತದ, ಒಮ್ಮೆ ಪಾತಾಳಕ್ಕ ಇಳೀತದ. ಅದಕ್ಕೇನ್ ಮಾಡ್ತೀರಿ?"

"ಕಂಪ್ರೆಸರ್ ಹಾಕ್ತೀನಿ," ಎಂದರು ಕೃಷ್ಣಾನಂದರು. "ಕೂಗಿದಾಗ ದನೀನ ಅದು ಅದುಮುತ್ತೆ, ಪಿಸುಗುಟ್ಟಿದಾಗ ಎತ್ತುತ್ತೆ. ಅದೂ ಈಗಿನದಲ್ಲ, ಅರವತ್ತರ ದಶಕದ್ದು. ಹಳೇ ರೇಡಿಯೋ ಥರ ವಾಲ್ವಿನದು. ಅದರೊಳಗೆ ಹಾಯಿಸಿದರೆ ದನಿಗೆ ಒಂಥರಾ ಬಿಸುಪು ಬರುತ್ತೆ."

ಯಜ್ಞನಾರಾಯಣರು ಲೋಟ ಕೆಳಗಿಟ್ಟರು. "ಅರವತ್ತರ ದಶಕದ್ದು? ಅದು ನಿಮ್ಮ ಹತ್ರ ಉಂಟಾ ಭಾವ?"

ಮದುವೆಯಾದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ಇದು. ಇಲ್ಲಿ ಕೃಷ್ಣಾನಂದರು, "ಅದೊಂದು ಪ್ಲಗಿನ್, ಕಂಪ್ಯೂಟರಿನೊಳಗಿನ ಸಾಫ್ಟ್‌ವೇರ್, ಹಳೇ ಯಂತ್ರದ ನಕಲು" ಎನ್ನಬೇಕಿತ್ತು. "ಮನೇಲಿದೆ," ಎಂದರು. ಇತ್ತು ಕೂಡ.

"ಒರಿಜಿನಲ್ಲಾ?"

"ಒರಿಜಿನಲ್ಲಿಗೂ ಅದಕ್ಕೂ ವ್ಯತ್ಯಾಸ ಹೇಳೋದು ಬಹಳ ಕಷ್ಟ ಭಾವ." ಇದೂ ನಿಜವೇ.

ಯಜ್ಞನಾರಾಯಣರು ಎದ್ದು, ತಾವೇ ಕೈಯಾರೆ ಕೃಷ್ಣಾನಂದರ ತಟ್ಟೆಗೆ ಇನ್ನೊಂದು ಪಳಂಪೊರಿ ಹಾಕಿದರು. ಅಂಥ ಗೌರವ ಸಿಕ್ಕಿದ ಮೇಲೆ ಅದನ್ನು ತಿದ್ದುಪಡಿ ಮಾಡುವ ಧೈರ್ಯ ಯಾವ ಅಳಿಯನಿಗೆ ತಾನೇ ಬಂದೀತು?

ಕೃಷ್ಣಾನಂದರ ರೈಲು ತಿರುವನಂತಪುರ ಮುಟ್ಟುವ ಮೊದಲೇ ಸುದ್ದಿ ಶ್ರೀಕಾರ್ಯಂ ಮುಟ್ಟಿತ್ತು. ಮನೆಯೊಳಗೆ ಕಾಲಿಟ್ಟಾಗ ಚಂದ್ರಾವತಿಯವರು ಫ್ರಿಜ್ಜನ್ನು ಗೋಡೆಯಿಂದ ಎಳೆದು ಅದರ ಬೆನ್ನಿಗೆ ಟಾರ್ಚು ಬಿಡುತ್ತಿದ್ದರು.

"ಎಂತ ಮಾರಾಯ್ರೆ, ಕಂಪ್ರೆಸರ್ ಬಿಚ್ಚಿದ್ದೀರಾ? ಅಣ್ಣ ಫೋನ್ ಮಾಡಿದ್ದ. ಮನೆಯಲ್ಲಿ ಹಳೇ ಕಂಪ್ರೆಸರ್ ಉಂಟಂತೆ, ನೀನು ಒಂದು ದಿನ ಹೇಳ್ಲಿಲ್ಲ ಅಂತ ಬೈದ. ಇದ್ದದ್ದು ಇದೊಂದೇ. ಇದಕ್ಕೆ ಅಷ್ಟು ವಯಸ್ಸೂ ಆಗ್ಲಿಲ್ಲ!"

ಕೃಷ್ಣಾನಂದರು ಹೆಂಡತಿಯನ್ನು ಕಂಪ್ಯೂಟರಿನ ಎದುರು ಕೂರಿಸಿ ಪರದೆಯನ್ನು ತೋರಿಸಿದರು. ಅಲ್ಲಿ ಒಂದು ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆಯ ಚಿತ್ರ. ದಪ್ಪ ದಪ್ಪ ತಿರುಪುಗಳು, ನಾಲ್ಕು ಗುಂಡಿಗಳು, ಒಂದು ಮೀಟರು, ಅದರಲ್ಲಿ ನಡುಗುವ ಮುಳ್ಳು. ಮೂಲೆಯಲ್ಲಿ ತುಕ್ಕು.

"ಇದು ಚಿತ್ರ," ಎಂದರು ಚಂದ್ರಾವತಿ.

"ಚಿತ್ರವೇ. ಆದರೆ ಕೆಲಸ ಮಾಡುತ್ತೆ ಕಣೇ."

"ಈ ತುಕ್ಕು?"

"ಅದನ್ನೂ ಬರೆದಿದ್ದಾರೆ. ಹಳೇದು ಅಂತ ಅನ್ನಿಸಬೇಕಲ್ಲ."

"ಚಿತ್ರ ಅಂತ ಅಣ್ಣನಿಗೆ ಹೇಳಿದ್ದೀರಾ?"

"ಇನ್ನೂ ಇಲ್ಲ."

ಬಾಗಿಲಲ್ಲಿ ನಿಂತಿದ್ದ ಅಪೂರ್ವಾ, "ಪಾವಂ ಮಾವ!" ಎಂದು ಮಲಯಾಳದಲ್ಲಿ ಮರುಗಿ ತನ್ನ ಕೋಣೆಗೆ ಹೋದಳು.

ಮರುದಿನ ಕೃಷ್ಣಾನಂದರು ರಜೆ ಹಾಕಿ ಕೆಲಸಕ್ಕೆ ಕುಳಿತರು. ಆ ಪ್ಲಗಿನ್ನಿನಲ್ಲಿ ಒಂದು ವಿಶೇಷ ಗುಂಡಿಯಿತ್ತು. ಹಳೆಯ ಯಂತ್ರ ಚಾಲೂ ಇದ್ದಾಗ ಹೊರಡಿಸುತ್ತಿದ್ದ 'ಗುಂಯ್' ಎಂಬ ಸದ್ದನ್ನು ತಯಾರಕರು ಶ್ರದ್ಧೆಯಿಂದ ಅದರೊಳಗೆ ಸೇರಿಸಿದ್ದರು, ಬೇಕಾದವರು ಹಾಕಿಕೊಳ್ಳಬಹುದಿತ್ತು. ಕೃಷ್ಣಾನಂದರಿಗೆ ಬೇಕಿತ್ತು. ಅದರ ರುಚಿ ನೋಡಲೆಂದು ಹೆಡ್‌ಫೋನ್ ತೆಗೆದು, ಸ್ಪೀಕರುಗಳನ್ನು ಪೂರ್ತಿ ಎತ್ತಿ, ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಮುಂದೆ ವಾಸುದೇವ ಕುರುಪ್ ನಿಂತಿದ್ದರು.

ಕುರುಪ್ ನಿವೃತ್ತ ಹೆಡ್‌ಮಾಸ್ಟರು, ಫ್ಲ್ಯಾಟಿನ ಸಂಘದ ಕಾರ್ಯದರ್ಶಿ. ಹಿಂದಿನ ಸಂಜೆ ಚಂದ್ರಾವತಿಯವರು ಬಾಲ್ಕನಿಯಲ್ಲಿ ನಿಂತು ಅಣ್ಣನೊಂದಿಗೆ ಫೋನಿನಲ್ಲಿ ನಡೆಸಿದ ಮಾತುಕತೆಯಲ್ಲಿ ಅವರಿಗೆ ಒಂದು ಪದ ಅರ್ಥವಾಗಿತ್ತು. ಈಗ ಗೋಡೆ ನಡುಗುತ್ತಿತ್ತು. ಹಿಂದೆ ಅದೇ ಮಹಡಿಯ ಇಬ್ಬರು ಹೆಂಗಸರು ಸಾಕ್ಷಿಗೆ ಬಂದಿದ್ದರು.

"ಸಾರೇ, ಕಂಪ್ರೆಸರ್ ಎಲ್ಲಿ?" ಎಂದರು ಕುರುಪ್, ತರಗತಿಯಲ್ಲಿ ಕಾಪಿ ಚೀಟಿ ಕೇಳುವ ದನಿಯಲ್ಲಿ. "ವಸತಿ ಕಟ್ಟಡದಲ್ಲಿ ಭಾರಿ ಯಂತ್ರ ಇಡುವಂತಿಲ್ಲ."

ಕೃಷ್ಣಾನಂದರು ಪರದೆ ತೋರಿಸಿದರು. ಕುರುಪ್ ಪರದೆಯನ್ನು ನೋಡಿ, ಅದು ಯಂತ್ರದ ಫೋಟೋ ಎಂದು ತೀರ್ಮಾನಿಸಿ, ಯಂತ್ರವನ್ನು ಹುಡುಕತೊಡಗಿದರು. ಮಂಚದ ಕೆಳಗೆ ಬಗ್ಗಿದರು. ಬಾತ್‌ರೂಮಿಗೆ ಇಣುಕಿದರು. ಅಡುಗೆಮನೆಯ ಮೂಲೆಯಲ್ಲಿ ಹಳೆಯ ಸೀರೆ ಹೊದ್ದು ಕುಳಿತಿದ್ದ ಏನೋ ಒಂದನ್ನು ಕಂಡು "ಹಾ!" ಎಂದು ಸೀರೆ ಎಳೆದರು. ಇಡ್ಲಿಹಿಟ್ಟಿನ ಗ್ರೈಂಡರು ಬಯಲಾಯಿತು. ಹೆಂಗಸರು ಅದು ಯಾವ ಕಂಪನಿಯದು, ಕಲ್ಲು ಸವೆಯುತ್ತದೆಯೇ ಎಂದು ಚಂದ್ರಾವತಿಯವರನ್ನು ವಿಚಾರಿಸಿಕೊಂಡರು.

"ಹಾಗಾದರೆ ಆ ಸದ್ದು ಎಲ್ಲಿಂದ?"

"ಕಂಪ್ಯೂಟರಿನಿಂದ. ಹಳೇ ಯಂತ್ರದ ಸದ್ದು ಅದು."

"ಯಂತ್ರವಿಲ್ಲ, ಸದ್ದು ಮಾತ್ರ ಇದೆ?"

"ಹೌದು."

"ಆ ಸದ್ದನ್ನು ನಿಲ್ಲಿಸಲು ಬರುತ್ತದೆಯೇ?"

"ಬರುತ್ತೆ. ಇಗೋ, ಈ ಗುಂಡಿ."

"ಮತ್ತೇಕೆ ನಿಲ್ಲಿಸಿಲ್ಲ?"

ಕೃಷ್ಣಾನಂದರು ಹಳೆಯ ಕಾಲದ ಬಿಸುಪಿನ ಬಗ್ಗೆ ವಿವರಿಸಿದರು. ಕುರುಪ್ ಕೊನೆಯವರೆಗೂ ಸಹನೆಯಿಂದ ಕೇಳಿ, ಅವರ ಭುಜ ತಟ್ಟಿ, ಚಂದ್ರಾವತಿಯವರ ಕಡೆ ತಿರುಗಿ, "ಸಾರಿಗೆ ಸ್ವಲ್ಪ ವಿಶ್ರಾಂತಿ ಬೇಕು ಚೇಚಿ," ಎಂದು ಹೇಳಿ ಹೋದರು. ಅಂದಿನಿಂದ ಲಿಫ್ಟಿನಲ್ಲಿ ಜನ ಕೃಷ್ಣಾನಂದರೊಂದಿಗೆ ಮೆಲ್ಲಗೆ, ಸ್ಪಷ್ಟವಾಗಿ ಮಾತಾಡತೊಡಗಿದರು.

ಅಷ್ಟರಲ್ಲಿ ಎರ್ನಾಕುಲಂನಿಂದ ವಾಟ್ಸಾಪಿನಲ್ಲಿ ಆಮಂತ್ರಣ ಪತ್ರಿಕೆ ಬಂತು. 'ಅರವತ್ತರ ದಶಕದ ಅಪೂರ್ವ ವಾಲ್ವ್ ಯಂತ್ರದಲ್ಲಿ ಸಂಸ್ಕರಿಸಿದ ಸಂಘಗೀತೆಯ ಲೋಕಾರ್ಪಣೆ' ಎಂದು ಅದರ ನೆತ್ತಿಯ ಮೇಲೆಯೇ ಇತ್ತು. ಹಿಂದೆಯೇ ಯಜ್ಞನಾರಾಯಣರ ಫೋನು.

"ಭಾವ, ಶನಿವಾರ ನಾವು ಬರ್ತೇವೆ. ನಾನು, ರುದ್ರಪ್ಪ, ಶಾಂತಾ. ಯಂತ್ರ ನೋಡ್ಬೇಕು. ಸ್ಮರಣ ಸಂಚಿಕೆಗೆ ಯಂತ್ರದ ಜೊತೆ ನಿಮ್ಮದೊಂದು ಫೋಟೋ ಬೇಕು."

ಸಂಚಿಕೆಯಲ್ಲಿ ಇದುವರೆಗೆ ಒಳಪುಟದಲ್ಲೂ ಫೋಟೋ ಬಾರದ ಕೃಷ್ಣಾನಂದರ ಬಾಯಿಂದ "ಆಗಲಿ ಭಾವ" ಎಂಬ ಮಾತು ಹೊರಟುಹೋಯಿತು.

ಕಚೇರಿಯಲ್ಲಿ ಅವರ ಕಷ್ಟ ಕೇಳಲು ಇದ್ದ ಒಬ್ಬನೇ ಕನ್ನಡಿಗ ನಟರಾಜ. ಮಂಡ್ಯದವನು, ಯಾವ ಸಮಸ್ಯೆಗೂ ಊಟದ ಡಬ್ಬಿ ಮುಚ್ಚುವುದರೊಳಗೆ ಪರಿಹಾರ ಹೇಳುವವನು.

"ಅಲ್ಲಾ ಸಾರ್, ಅವರಿಗೆ ಬೇಕಾದ್ದೇನು? ಒಂದು ಕಬ್ಬಿಣದ ಡಬ್ಬ, ಒಂದು ಮುಳ್ಳು, ಒಂದು ಕೆಂಪು ದೀಪ. ನಮ್ಮನೆ ಅಟ್ಟದ ಮೇಲೆ ಹಳೇ ಫ್ರಿಜ್ಜಿನ ಸ್ಟೆಬಿಲೈಜರ್ ಇದೆ. ಒರೆಸಿ ಕೊಡ್ತೀನಿ."

"ಮೋಸ ಅಲ್ವೇನಯ್ಯಾ?"

"ನೀವು ಬಾಯಿಬಿಟ್ಟು ಏನೂ ಹೇಳ್ಬೇಡಿ ಸಾರ್. ಕಂಪ್ಯೂಟರ್ ಪಕ್ಕದಲ್ಲಿ ಅದು ಸುಮ್ನೆ ಕೂತಿರುತ್ತೆ. ಕೂತ್ಕೊಳ್ಳೋದು ಮೋಸ ಹೇಗಾಗುತ್ತೆ?"

ನಟರಾಜ ಕಳಕ್ಕೂಟಂನ ತನ್ನ ಮನೆಯಿಂದ ಅದನ್ನು ಆಟೋದಲ್ಲಿ ತಂದಿಳಿಸಿದ. ಮೀಟರಿನ ಮುಳ್ಳು, ಕೆಂಪು ದೀಪ, ಅಸಲಿ ತುಕ್ಕು, ಎಲ್ಲವೂ ಇತ್ತು. ಕೆಂಪು ದೀಪ ಉರಿಯಲೆಂದು ಕೃಷ್ಣಾನಂದರು ಅದನ್ನು ಕರೆಂಟಿಗೆ ಸಿಕ್ಕಿಸಿ, ಕಂಪನಿಯ ಹೆಸರಿನ ಮೇಲೆ ಕುಂಕುಮದ ಬೊಟ್ಟಿಟ್ಟರು. ಚಂದ್ರಾವತಿಯವರು ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ನಾನು ಇದರಲ್ಲಿ ಇಲ್ಲ," ಎಂದರು. "ಅಣ್ಣ ಕೇಳಿದ್ರೆ ನಾನು ಪಾಯಸ ಕಲಸ್ತಿದ್ದೇನೆ."

ಶನಿವಾರ ಮೂವರೂ ಬಂದರು. ರುದ್ರಪ್ಪನವರ ಕೈಯಲ್ಲಿ ಮಲ್ಲಿಗೆ ಹಾರ. ತಮಗೆಂದು ತಿಳಿದು ಕೃಷ್ಣಾನಂದರು ತಲೆ ಬಗ್ಗಿಸಿದರು. ರುದ್ರಪ್ಪನವರು ಅವರನ್ನು ದಾಟಿ ಹೋಗಿ ಸ್ಟೆಬಿಲೈಜರಿಗೆ ಹಾರ ಹಾಕಿ ಕೈಮುಗಿದರು.

"ಎಂಥಾ ಗಟ್ಟಿ ಮಾಲ್ರೀ! ಈಗಿನ ಕಾಲದಾಗ ಇಂಥಾದ್ದು ಎಲ್ಲಿ ಸಿಗಬೇಕು?"

ಯಜ್ಞನಾರಾಯಣರು ಕನ್ನಡಕ ಏರಿಸಿ ಪೆಟ್ಟಿಗೆಯನ್ನು ಸುತ್ತಲೂ ನೋಡಿದರು. "ಮುಳ್ಳು ಅಲ್ಲಾಡುದಿಲ್ಲ ಅಲ್ವಾ ಭಾವ?"

"ಯಾರೂ ಹಾಡ್ತಿಲ್ಲವಲ್ಲ ಭಾವ," ಎಂದರು ಕೃಷ್ಣಾನಂದರು. ಆ ಕ್ಷಣದವರೆಗೆ ಅವರು ಬಾಯಿ ಬಿಟ್ಟಿರಲಿಲ್ಲ. ಬಿಟ್ಟೊಡನೆ ನಟರಾಜನ ಯೋಜನೆ ಕೆಟ್ಟಿತು.

"ಹಂಗಾದ್ರ ಹಾಡೇ ನೋಡೋಣು," ಎಂದು ಶಾಂತಾ ಸೆರಗು ಸರಿಮಾಡಿಕೊಂಡು ಪೆಟ್ಟಿಗೆಯ ಎದುರು ನಿಂತರು.

ಪಲ್ಲವಿ ಆಯಿತು. ಮುಳ್ಳು ಇದ್ದಲ್ಲಿಯೇ ಇತ್ತು. ಮೊದಲ ಚರಣ ಆಯಿತು. ಮುಳ್ಳು ಸರ್ಕಾರಿ ಕಡತದ ಹಾಗೆ ಅಲುಗಲಿಲ್ಲ. ಕೃಷ್ಣಾನಂದರು ಬೆವರು ಒರೆಸಿಕೊಂಡರು. ಶಾಂತಾ ಛಲ ಹಿಡಿದು, ಎರಡನೇ ಚರಣದ ಮೇಲಿನ ಸ್ವರಕ್ಕೆ ಏರಿ, ಅಲ್ಲಿಯೇ ನಿಂತರು. ಅದೇ ಹೊತ್ತಿಗೆ ಕೆಳಗೆ ಕುರುಪ್ ನೀರಿನ ಪಂಪು ಹಾಕಿದರು. ವೋಲ್ಟೇಜು ಕುಸಿಯಿತು. ಮುಳ್ಳು ಸರ್ರನೆ ಕೆಳಗಿಳಿಯಿತು, ಪೆಟ್ಟಿಗೆಯೊಳಗೆ 'ಟಕ್' ಎಂದಿತು, ಕೆಂಪು ದೀಪ ಮಿಟುಕಿತು.

"ಅದುಮಿತು! ಅದುಮಿತು!" ಎಂದು ರುದ್ರಪ್ಪನವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಶಾಂತಾ ಅವರ ಕಣ್ಣಲ್ಲಿ ನೀರು. ಯಜ್ಞನಾರಾಯಣರು ಕೃಷ್ಣಾನಂದರ ಕೈ ಹಿಡಿದುಕೊಂಡರು. ಆ ಹಿಡಿತದ ಸುಖವನ್ನು ಅವರು ಪೂರ್ತಿಯಾಗಿ ಅನುಭವಿಸುವ ಮೊದಲೇ ಕುರುಪ್ ಬಾಗಿಲಲ್ಲಿ ಕಾಣಿಸಿಕೊಂಡರು.

"ಯಾರಿಗೋ ಏನೋ ಆಯಿತು ಅಂದುಕೊಂಡೆ, ಅಷ್ಟು ಜೋರಾಗಿ ಕೂಗಿದರಲ್ಲ," ಎಂದವರು ಹಾರ ಹಾಕಿಸಿಕೊಂಡು ಕುಳಿತ ಪೆಟ್ಟಿಗೆಯನ್ನು ನೋಡಿದರು. "ಇದೇನು ಸಾರೇ, ಸ್ಟೆಬಿಲೈಜರಿಗೆ ಪೂಜೆ? ಆಯುಧಪೂಜೆ ಕಳೆದುಹೋಯಿತಲ್ಲ! ನಮ್ಮ ಮನೆಯಲ್ಲೂ ಇಂಥದ್ದೇ ಇತ್ತು, ಟಿವಿಗೆ."

ಅಡುಗೆಮನೆಯಲ್ಲಿ ಪಾಯಸ ಕಲಸುವ ಸೌಟು ನಿಂತಿತು.

ಯಜ್ಞನಾರಾಯಣರು ಕೈ ಬಿಟ್ಟರು. ಬೆರಳಿನಿಂದ ಕುಂಕುಮ ಒರೆಸಿ, ಕಂಪನಿಯ ಹೆಸರನ್ನು ಗಟ್ಟಿಯಾಗಿ ಓದಿದರು. "ಭಾವ," ಎಂದರು. ಈಗ ಅದು ಪೂರ್ತಿ ಕೋರ್ಟಿನ 'ಭಾವ'.

ಕೃಷ್ಣಾನಂದರು ಎಲ್ಲವನ್ನೂ ಹೇಳಿದರು. ಬಿಟ್ಟಿದ್ದ ಪದವನ್ನೂ ಹೇಳಿದರು. ಹೇಳುವಷ್ಟು ಹೊತ್ತೂ ರುದ್ರಪ್ಪನವರು ಹಾರವನ್ನೇ ನೋಡುತ್ತಿದ್ದರು. "ಹಂಗಾದ್ರ ನಮ್ಮಾಕಿ ಹಾಡು?" ಎಂದರು ಕಡೆಗೆ.

ಉತ್ತರ ಕೊಟ್ಟವಳು ಅಪೂರ್ವಾ. ಅವಳು ಕಂಪ್ಯೂಟರಿನ ಮುಂದೆ ಕುಳಿತು ಹಾಡು ಹಾಕಿದಳು. ಮೊದಲು ಹಿಡಿದದ್ದು ಹಿಡಿದ ಹಾಗೆ: ಒಂದು ಸಾಲು ಸೈರನ್, ಒಂದು ಸಾಲು ಮೌನ. ಆಮೇಲೆ ಪ್ಲಗಿನ್ ಚಾಲೂ ಮಾಡಿದಳು. ಪರದೆಯ ಮುಳ್ಳು ಶಾಂತಾ ಅವರ ದನಿಯೊಂದಿಗೆ ಬಾಗಿ ಏಳತೊಡಗಿತು. ಮೇಲಿನ ಸ್ವರ ಇರಿಯಲಿಲ್ಲ. ಕೆಳಗಿನ ಸಾಲು ಹತ್ತಿರ ಬಂದು ಕುಳಿತು ಮಾತಾಡಿದ ಹಾಗೆ ಕೇಳಿಸಿತು.

"ಅಯ್ಯ, ಇದು ನಾನೇನ?" ಎಂದರು ಶಾಂತಾ. ಮತ್ತೊಮ್ಮೆ ಹಾಕಿಸಿದರು. ಇನ್ನೊಮ್ಮೆ ಹಾಕಿಸಿದರು. "ನನಗ ಈ ಚಿತ್ರದ್ದೇ ಇರ್ಲಿ. ಆ ಡಬ್ಬಿ ಬ್ಯಾಡ."

ಯಜ್ಞನಾರಾಯಣರೂ ಕೇಳುತ್ತಿದ್ದರು. ತಾವು ಬರೆದ ಕೆಳಗಿನ ಸಾಲು ಇನ್ನೊಬ್ಬರ ಬಾಯಲ್ಲಿ ಅವರ ಕಿವಿಗೆ ಬಿದ್ದದ್ದು ಅದೇ ಮೊದಲು. ಆದರೆ ಆಮಂತ್ರಣ ಊರಿಗೆಲ್ಲ ಹೋಗಿತ್ತು. ಅಧ್ಯಕ್ಷರ ಮಾನದ ಪ್ರಶ್ನೆ.

"ಹಾಡು ಇರ್ಲಿ," ಎಂದರು ಗಂಭೀರವಾಗಿ. "ಆದ್ರೆ ಯಂತ್ರ ಅಂತ ಹಾಕಿಸಿದ್ದು ನಾನು. ಅದು ಸುಳ್ಳು ಅಂತ ನೀವೇ ವೇದಿಕೆ ಹತ್ತಿ ಹೇಳ್ಬೇಕು ಭಾವ." ಪಾಯಸವನ್ನು ಅರ್ಧ ಬಿಟ್ಟು ಎದ್ದರು. ಕುರುಪ್ ಮಾತ್ರ ಎರಡು ಲೋಟ ಕುಡಿದರು.

ವಾರ್ಷಿಕೋತ್ಸವದ ಬೆಳಿಗ್ಗೆ ಎರ್ನಾಕುಲಂನ ಬಾಡಿಗೆ ಹಾಲು ತುಂಬಿತ್ತು. ಯಂತ್ರ ನೋಡಲೆಂದೇ ಬಂದವರು ಮುಂದಿನ ಸಾಲು ಹಿಡಿದಿದ್ದರು. ಕೃಷ್ಣಾನಂದರು ವೇದಿಕೆ ಹತ್ತಿದರು. ಬರೆದುಕೊಂಡು ಬಂದದ್ದೆಲ್ಲ ಮರೆತುಹೋಯಿತು.

"ಯಂತ್ರ ಇಲ್ಲ," ಎಂದರು. "ಅದರ ಚಿತ್ರ ಇದೆ. ಚಿತ್ರ ಕೆಲಸ ಮಾಡುತ್ತೆ, ಕೂಗಿದರೆ ದನೀನ ಅದುಮುತ್ತೆ. ಇದನ್ನು ನಾನು ಮೊದಲ ದಿನವೇ ಹೇಳಬೇಕಿತ್ತು. ನಮ್ಮ ಭಾವ ನನ್ನನ್ನು ಮೊದಲ ಸಲ ಏನೋ ಕೇಳಿದರು, ಆ ಖುಷಿಯಲ್ಲಿ ಹೇಳಲಿಲ್ಲ. ಆಮೇಲೆ ಸ್ಟೆಬಿಲೈಜರ್ ಇಟ್ಟೆ. ಅದಕ್ಕೆ ಹಾರವೂ ಬಿತ್ತು."

ಮುಂದಿನ ಸಾಲಿನ ಅಜ್ಜಿಯೊಬ್ಬರು ಪಕ್ಕದ ಗಂಡನನ್ನು ತೋರಿಸಿ, "ಕೂಗಿದ್ರೆ ಅದುಮ್ತದೆ ಅಂದ್ರಲ್ಲ, ಇವರಿಗೆ ಹಾಕ್ಲಿಕ್ಕಾಗ್ತದಾ?" ಎಂದು ಕೇಳಿದರು. ನಗು ಮುಂದಿನಿಂದ ಹಿಂದಕ್ಕೆ ಹರಿದುಹೋಯಿತು.

ಅವರು ಲ್ಯಾಪ್‌ಟಾಪಿನಿಂದ ಹಾಡು ಹಾಕಿದರು. ಮುಂದಿನವರು ತಲೆದೂಗಿದರು. ಹಿಂದಿನ ಸಾಲುಗಳಿಂದ "ಕೇಳುದಿಲ್ಲ! ಕೇಳುದಿಲ್ಲ!" ಎಂಬ ಕೂಗು ಬಂತು. ಹಾಲಿನ ಸ್ಪೀಕರಿಗೆ ಅದಕ್ಕಿಂತ ಹೆಚ್ಚಿನ ತಾಕತ್ತಿರಲಿಲ್ಲ. ಆಗ ಕೃಷ್ಣಾನಂದರು ಅದುವರೆಗೆ ಮಾಡದಿದ್ದ ಕೆಲಸವೊಂದನ್ನು ಮಾಡಿದರು. ಆ ಕಂಪ್ರೆಸರಿನ ನಾಲ್ಕು ಗುಂಡಿಗಳಲ್ಲಿ ಒಂದನ್ನು ಮಾತ್ರ ಒತ್ತುವುದು ಕ್ರಮ. ಅವರು ನಾಲ್ಕನ್ನೂ ಒಟ್ಟಿಗೆ ಒತ್ತಿ, ಪಿಸುದನಿಯೂ ಕೂಗಿನಷ್ಟೇ ಏಳುವಂತೆ ಮಾಡಿ, ದನಿಯನ್ನು ಪೂರ್ತಿ ಎತ್ತಿಬಿಟ್ಟರು.

ಹಾಡು ಎದೆಯುಬ್ಬಿಸಿಕೊಂಡು ಹಿಂದಿನ ಗೋಡೆ ಮುಟ್ಟಿತು. ಹಾಡಿನೊಂದಿಗೆ ಆ ಭಾನುವಾರ ಆ ಮನೆಯಲ್ಲಿದ್ದ ಸಣ್ಣಪುಟ್ಟ ಸದ್ದುಗಳೂ ಎದ್ದು ಬಂದವು. ಫ್ಯಾನು ಬಿರುಗಾಳಿಯಾಯಿತು. ದೂರದ ಕುಕ್ಕರು ರೈಲಿನಂತೆ ಕೂಗಿತು. ಎರಡನೇ ಚರಣಕ್ಕೆ ಮೊದಲು ಶಾಂತಾ ಉಸಿರೆಳೆದುಕೊಂಡರು, ಹಾರ್ಮೋನಿಯಂ ನಿಂತಿತು. ಆ ಬಿಡುವಿನಲ್ಲಿ, ಮೈಕಿನ ಹಿಂದೆ ಕುಳಿತಿದ್ದ ಇಬ್ಬರು ಗಂಡಸರ ಪಿಸುಮಾತು ಹಾಲಿನ ತುಂಬ ಗುಡುಗಿತು.

"ವಕೀಲಸಾಹೇಬ್ರ, ನಿಮ್ಮ ಭಾವಗ ಇದೆಲ್ಲಾ ಖರೇನ ಬರ್ತದೇನ್ರೀ?"

"ಬರ್ತದೆ ಮಾರಾಯ್ರೆ. ಭಾರೀ ತಲೆ ಉಂಟು ಅವನಿಗೆ. ನಮ್ಮ ಚಂದ್ರ ಪುಣ್ಯ ಮಾಡಿದ್ಲು. ಎದುರು ಹೇಳ್ಲಿಕ್ಕಿಲ್ಲ ಅಷ್ಟೆ, ಹೇಳಿದ್ರೆ ಮತ್ತೆ ಹಿಡಿಯುವವರು ಯಾರು?"

ಶಾಂತಾ ಮತ್ತೆ ಹಾಡಲು ಶುರುಮಾಡಿದರು. ಯಾರಿಗೂ ಕೇಳಿಸಲಿಲ್ಲ, ಚಪ್ಪಾಳೆಯ ಸದ್ದು ಅಷ್ಟಿತ್ತು. ವೇದಿಕೆಯ ನಡುವಿನ ಕುರ್ಚಿಯಲ್ಲಿ ಯಜ್ಞನಾರಾಯಣರು ಛಾವಣಿಯ ಫ್ಯಾನುಗಳನ್ನು ಒಂದೊಂದಾಗಿ ಪರಿಶೀಲಿಸುತ್ತಿದ್ದರು. ಚಂದ್ರಾವತಿಯವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, "ಇಷ್ಟು ವರ್ಷ ಒಂದು ಸಲ ಬಾಯಿ ಬಿಡ್ಲಿಲ್ಲ ನೋಡು ಈ ಅಣ್ಣ!" ಎಂದು ಪಕ್ಕದವರಿಗೆಲ್ಲ ಹೇಳಿದರು. ಕೃಷ್ಣಾನಂದರು ಲ್ಯಾಪ್‌ಟಾಪಿನ ಹಿಂದೆ ಮುಖ ಮರೆಮಾಡಿಕೊಂಡು, ಮುಳ್ಳನ್ನೇ ನೋಡುತ್ತಾ ನಿಂತರು. ಆ ಮುಖ ಹೇಗಿತ್ತೆಂದು ನೋಡಿದವರು ಯಾರೂ ಇಲ್ಲ.

ಊಟದ ಪಂಕ್ತಿಯಲ್ಲಿ ಯಜ್ಞನಾರಾಯಣರು ಅವರ ಪಕ್ಕದ ಎಲೆಗೇ ಬಂದು ಕುಳಿತರು. ಸ್ವಲ್ಪ ಹೊತ್ತು ಸಾರು ಅನ್ನ ಕಲಸಿದರು.

"ಭಾವ, ಆ ಹಾಡನ್ನು ಯೂಟ್ಯೂಬಿಗೆ ಹಾಕುದುಂಟಲ್ಲ. ಆ ನಡುವಿನ ತುಂಡು... ಅದನ್ನು ತೆಗೀಲಿಕ್ಕೆ ಆಗ್ತದಾ?"

ಮದುವೆಯಾದ ಮೇಲೆ ಇಷ್ಟು ಮೆಲ್ಲಗೆ ಅವರು ಏನನ್ನೂ ಕೇಳಿದ್ದಿಲ್ಲ. ಕೃಷ್ಣಾನಂದರು ಕೈಯಲ್ಲಿದ್ದ ತುತ್ತನ್ನು ಎಲೆಗಿಳಿಸಿ, ಆಡಿಟಿನವರ ಮುಂದೆ ಕೂರುವ ಮುಖ ಮಾಡಿಕೊಂಡು ಯೋಚಿಸಿದರು.

"ಕಷ್ಟ ಭಾವ," ಎಂದರು. "ಒಂದು ಸಲ ಮೇಲೆದ್ದ ಮಾತನ್ನ ಮತ್ತೆ ಕೆಳಗಿಳಿಸೋಕೆ ಬರಲ್ಲ."

ಎದುರು ಪಂಕ್ತಿಯಲ್ಲಿದ್ದ ಅಪೂರ್ವಾಳಿಗೆ ಅದು ಒಂದು ಗುಂಡಿ ಒತ್ತುವಷ್ಟು ಸುಲಭದ ಕೆಲಸವೆಂದು ಗೊತ್ತಿತ್ತು. ಅವಳು ಬಾಯಿ ತೆರೆದಳು. ಪಕ್ಕದಲ್ಲಿದ್ದ ಚಂದ್ರಾವತಿಯವರು ಅದರೊಳಗೆ ಒಂದು ದೊಡ್ಡ ತುಂಡು ಹೋಳಿಗೆ ಇಟ್ಟರು.